ಮೈಸೂರಿನ ಕೆಂಪಯ್ಯನವರೂ ಕಾಲ್ಚೆಂಡಾಟದ ಚರಿತ್ರೆಯೂ

ಕಾಲ್ಚೆಂಡಾಟದ ಚರಿತ್ರೆಯನ್ನು ಬರೆಯತಕ್ಕವರಿಗೆ ಮೊದಲು ದೊರೆಯುವ ಆಧಾರವೆಂದರೆ ಗೋಲುಗಳ ಪಟ್ಟಿ. ಗೋಲು ಹೊಡೆದವನ ಹೆಸರೂ ಹೊಡೆದ ನಿಮಿಷವೂ ಅದರಲ್ಲಿ ಉಂಟು. ಗೋಲಾಗದಂತೆ ತಡೆದವನ ವಿಷಯದಲ್ಲಿ ಅದು ಮೌನವಾಗಿದೆ. ಕೆರೆ ಕಟ್ಟಿಸಿದವನ ಹೆಸರು ಶಾಸನದಲ್ಲಿ ನಿಂತು, ಏರಿಗೆ ವರ್ಷವರ್ಷವೂ ಮಣ್ಣು ಹೊತ್ತವರ ಹೆಸರು ಅಳಿದುಹೋಗುವುದು ಶಾಸನಾಭ್ಯಾಸಿಗಳಿಗೆ ಹೊಸ ಸಂಗತಿಯಲ್ಲ. 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ ಕೂಟಗಳೆರಡರಲ್ಲಿಯೂ ಭಾರತದ ಪರವಾಗಿ ಹಾಫ್‌ಬ್ಯಾಕ್ ಸ್ಥಾನದಲ್ಲಿ ಆಡಿದ ಮೈಸೂರಿನ ಎಂ. ಕೆಂಪಯ್ಯನವರ ಆಟಜೀವನವನ್ನು ವಿಚಾರಿಸುವಾಗ ಎದುರಾಗುವುದು ಇದೇ ತೊಡಕು.

ಅವರಿಗಿಂತ ಮೊದಲೇ ಮೈಸೂರು ಸಂಸ್ಥಾನದಲ್ಲಿ ಈ ಆಟ ಬೇರೂರಿತ್ತು. ಬ್ರಿಟಿಷ್ ಪಡೆಗಳ ಸ್ವತ್ತೆಂಬಂತಿದ್ದ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡವು 1937 ಮತ್ತು 1938ರಲ್ಲಿ ಗೆದ್ದಿತು. 1946-47ರಲ್ಲಿಯೂ 1952-53ರಲ್ಲಿಯೂ ಬಂಗಾಳವನ್ನೇ ಸೋಲಿಸಿ ಮೈಸೂರು ಸಂತೋಷ್ ಟ್ರೋಫಿಯನ್ನು ಪಡೆಯಿತು. 1948ರ ಲಂಡನ್ ಕೂಟದಲ್ಲಿ ಫ್ರಾನ್ಸಿನೆದುರು ಭಾರತದ ಏಕೈಕ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಗೋಲುಕಾವಲಿಗೆ ನಿಂತ ವರದರಾಜರೂ ಈ ನಾಡಿನವರೇ. ಮೊದಲನೆಯವರ ಹೆಸರು ಆಗಾಗ ಕೇಳಿಬರುತ್ತದೆ, ಎರಡನೆಯವರದು ಅಪರೂಪ.

ತಡೆಯುವವನ ಕೆಲಸವನ್ನು ಅಳೆಯುವುದು ಹೇಗೆ? ಆಗದೆ ಉಳಿದುದನ್ನು ಎಣಿಸುವುದೊಂದೇ ಮಾರ್ಗವೆಂದು ತೋರುತ್ತದೆ. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯವು ಭಾರತವನ್ನು 10-1ರಿಂದ ಸೋಲಿಸಿತು. ಅಲ್ಲಿ ಹಲವರು ಬರಿಗಾಲಿನಲ್ಲಿ ಆಡಿದ್ದರು; ಆ ಸೋಲಿನ ತರುವಾಯ ಬೂಟುಗಳನ್ನು ಕಡ್ಡಾಯಮಾಡಲಾಯಿತು. ನಾಲ್ಕು ವರ್ಷಗಳ ಮೇಲೆ, ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮರ ಶಿಕ್ಷಣದಲ್ಲಿಯೇ ಪಳಗಿದ ತಂಡವು ಮೆಲ್ಬರ್ನಿನ ಉಪಾಂತ್ಯದಲ್ಲಿ ಅದೇ ದೇಶವನ್ನು ಎದುರಿಸಿತು. ಭಾರತವೇ ಮೊದಲು ಗೋಲು ಹೊಡೆದು, ಕೊನೆಗೆ 4-1ರಿಂದ ಸೋತಿತು. ಎರಡು ಕೂಟಗಳಲ್ಲಿಯೂ ಯುಗೊಸ್ಲಾವಿಯಕ್ಕೆ ಬೆಳ್ಳಿಯ ಪದಕವೇ ಬಂದಿತು. ಆದುದರಿಂದ ಎದುರಾಳಿಯ ಬಲ ಕುಗ್ಗಿತ್ತೆಂದು ಹೇಳುವಂತಿಲ್ಲ. ಹತ್ತಕ್ಕೂ ನಾಲ್ಕಕ್ಕೂ ನಡುವಣ ಆ ಅಂತರದಲ್ಲಿ ಬೂಟಿಗೂ ರಹೀಮರಿಗೂ ಪಾಲಿರುವಂತೆ ಕೆಂಪಯ್ಯನವರಿಗೂ ಅವರ ಜೊತೆಯ ಹಿಂಬದಿಯವರಿಗೂ ಪಾಲುಂಟು. ಮುನ್ನಡೆಯನ್ನು ಪಡೆದ ಮೇಲೆ ಅದನ್ನು ಉಳಿಸಿಕೊಳ್ಳಲಾಗಲಿಲ್ಲವೆಂಬ ಆಕ್ಷೇಪ ನ್ಯಾಯವಾದುದೇ. ಹಂಗೇರಿಯ ತಂಡವು ಹಿಂದೆಗೆದುದರಿಂದ ಮೊದಲ ಸುತ್ತು ಆಡದೆಯೇ ಕಳೆದಿತ್ತೆಂಬುದನ್ನೂ ಮರೆಯಬಾರದು. ಆದರೂ ಒಲಿಂಪಿಕ್ ಕಾಲ್ಚೆಂಡಿನ ಉಪಾಂತ್ಯವನ್ನು ಮುಟ್ಟಿದ ಮೊದಲ ಏಷ್ಯಾ ತಂಡ ಅದೇ.

ಆ ಪಂದ್ಯದ ಪಟ್ಟಿಯಲ್ಲಿ ಭಾರತದ ರಕ್ಷಕನೊಬ್ಬನ ಹೆಸರು ಸಿಕ್ಕುತ್ತದೆ. ಅದು ಮುಹಮ್ಮದ್ ಸಲಾಮರದು. ನಾಲ್ಕನೆಯ ಗೋಲು ಅವರ ಕಾಲಿನಿಂದಲೇ ಸ್ವಂತ ಬಲೆಗೆ ಬಿದ್ದುದರಿಂದ! 1948ರ ವೃತ್ತಾಂತಗಳಲ್ಲಿ ಶೈಲೇನ್ ಮನ್ನಾರಂತಹ ರಕ್ಷಕರು ಕಾಣಿಸಿಕೊಳ್ಳುವುದೂ ಪೆನಾಲ್ಟಿಯನ್ನು ಕಳೆದುಕೊಂಡ ಸಂದರ್ಭದಲ್ಲಿಯೇ. ತಪ್ಪಿದರೆ ಮಾತ್ರ ಹೆಸರು, ತಪ್ಪದಿದ್ದರೆ ಮರೆವು. ಉಡುಪಿ, ಕಾರ್ಕಳದ ಕಡೆಯ ಕಬಡ್ಡಿ ಈ ವಿಷಯದಲ್ಲಿ ಹೆಚ್ಚು ಧರ್ಮಬುದ್ಧಿಯದು. ಅಲ್ಲಿ ಹಿಡಿದವನ ಪಕ್ಷಕ್ಕೂ ಅಂಕವುಂಟು.

ಮೆಲ್ಬರ್ನ್ ನಗರಕ್ಕೆ ಈ ಅನ್ಯಾಯ ಹೊಸದಲ್ಲ. 1859ರಲ್ಲಿ ಅಲ್ಲಿ ನಿಯಮಗಳು ರಚಿತವಾದ ಆಸ್ಟ್ರೇಲಿಯದ ಕಾಲ್ಚೆಂಡಾಟದಲ್ಲಿಯೂ ಫುಲ್‌ಬ್ಯಾಕ್, ಹಾಫ್‌ಬ್ಯಾಕ್ ಎಂಬ ಸಾಲುಗಳುಂಟು. ಆಫ್‌ಸೈಡ್ ನಿಯಮವಿಲ್ಲದ ಆ ಆಟದಲ್ಲಿ ರಕ್ಷಕನು ಮೈಗೆ ಮೈಯೊಡ್ಡಿಯೇ ನಿಲ್ಲಬೇಕು. ಅಲ್ಲಿನ ಆರಂಭಕಾಲದ ಗಟ್ಟಿಗರಿಗೂ ಅಂಕಪಟ್ಟಿಯಲ್ಲಿ ಇಷ್ಟೇ ಎಡೆ. 1956ರ ಡಿಸೆಂಬರ್ 7ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ ಆ ಆಟವನ್ನು ಪ್ರದರ್ಶನಾರ್ಥವಾಗಿ ಆಡಲಾಯಿತು. ಅದೇ ದಿನ ಅದೇ ಮೈದಾನದಲ್ಲಿ ಭಾರತವು ಕಂಚಿನ ಪದಕಕ್ಕಾಗಿ ಬಲ್ಗೇರಿಯದೊಡನೆ ಸೆಣಸಿ 3-0ರಿಂದ ಸೋತು ನಾಲ್ಕನೆಯ ಸ್ಥಾನದಲ್ಲಿ ನಿಂತಿತು. ಆ ಕೂಟವೆಂದರೆ ಇಂದಿಗೂ ನೆನಪಾಗುವುದು ಆಸ್ಟ್ರೇಲಿಯದೆದುರು 4-2ರಿಂದ ಗೆದ್ದ ದಿನ ನೆವಿಲ್ ಡಿಸೋಜರು ಹೊಡೆದ ಮೂರು ಗೋಲುಗಳು.

1960ರಲ್ಲಿ ಗುಂಪು ಕಠಿನವಾಗಿತ್ತು. ಹಂಗೇರಿಯೆದುರು 1-2, ಪೆರುವಿನೆದುರು 1-3 ಸೋಲು. ಫ್ರಾನ್ಸಿನೊಡನೆ 1-1 ಸಮ. ಅಷ್ಟರಲ್ಲಿ ಕೆಂಪಯ್ಯನವರು ಕಲ್ಕತ್ತೆಯ ಮೋಹನ ಬಾಗಾನ್ ತಂಡವನ್ನು ಸೇರಿದ್ದರು. ಅಲ್ಲಿ ನರಸಯ್ಯನವರೊಡನೆ ಅವರು ಕೂಡಿ ಆಡಿದ ಹಾಫ್‌ಬ್ಯಾಕ್ ಜೋಡಿಯನ್ನು ಆ ತಂಡದ ಹಳೆಯ ಅಭಿಮಾನಿಗಳು ಒಂದೇ ಉಸಿರಿನಲ್ಲಿ ಹೆಸರಿಸುತ್ತಿದ್ದರು.