‘ಸಿದ್ದಾಪುರದಲ್ಲಿ ಗುಡ್ಡ ಕುಸಿತ, ರಸ್ತೆ ಬಂದ್’: ಫಾರ್ವರ್ಡ್ ಮಾಡುವ ಮೊದಲು ಯಾವ ಸಿದ್ದಾಪುರ ಎಂದು ನೋಡಿ

ಮಳೆಗಾಲ ಶುರುವಾದರೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ‘ಸಿದ್ದಾಪುರ ರಸ್ತೆಯಲ್ಲಿ ಗುಡ್ಡ ಕುಸಿದಿದೆ, ಯಾರೂ ಆ ಕಡೆ ಹೋಗಬೇಡಿ, ಎಲ್ಲರಿಗೂ ತಿಳಿಸಿ’ ಎಂಬಂಥವು. ಜೊತೆಗೆ ಅರ್ಧ ನಿಮಿಷದ ಒಂದು ವಿಡಿಯೊ. ದಿನಾಂಕ ಇರುವುದಿಲ್ಲ, ತಾಲ್ಲೂಕು, ಜಿಲ್ಲೆಯ ಹೆಸರೂ ಇರುವುದಿಲ್ಲ.

ಬೆಂಗಳೂರಿನ ಲಾಲ್‌ಬಾಗ್ ಪಕ್ಕದ ಸಿದ್ದಾಪುರದಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇವೆ: ನಿಮ್ಮ ಮನೆಯ ಹತ್ತಿರ ಕುಸಿಯುವಂಥ ಗುಡ್ಡ ಇಲ್ಲ. ಆದರೆ ಸಂದೇಶ ಸುಳ್ಳು ಎಂದು ತಕ್ಷಣ ಅಳಿಸಿಹಾಕುವುದೂ ಸರಿಯಲ್ಲ. ಕರ್ನಾಟಕದಲ್ಲಿ ಸಿದ್ದಾಪುರ ಎಂಬ ಹೆಸರಿನ ಊರುಗಳು ಹಲವು ಇವೆ. ಅವುಗಳಲ್ಲಿ ಒಂದೆರಡು ಊರುಗಳ ದಾರಿಯಲ್ಲಿ ಗುಡ್ಡ ಕುಸಿಯುವುದು ನಿಜವಾದ ಅಪಾಯ. ಒಂದೊಂದು ಸಿದ್ದಾಪುರವೂ ರಾಜ್ಯದ ಒಂದೊಂದು ಬಗೆಯ ನೆಲದ ಮೇಲೆ ಕೂತಿದೆ. ನೆಲ ಬದಲಾದಂತೆ ರಸ್ತೆ, ರೈಲು, ಅಪಾಯ ಎಲ್ಲವೂ ಬದಲಾಗುತ್ತವೆ.

ಬೆಂಗಳೂರಿನ ಸಿದ್ದಾಪುರ: ಬಂಡೆಯ ಮೇಲಿನ ಊರು

ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯನ್ನು ನೋಡದವರು ಈ ಭಾಗದಲ್ಲಿ ಇರಲಾರರು. ಭೂವಿಜ್ಞಾನಿಗಳು ಇದನ್ನು ಪೆನಿನ್ಸುಲಾರ್ ನೈಸ್ ಎನ್ನುತ್ತಾರೆ. ವಯಸ್ಸು ಸುಮಾರು 300 ಕೋಟಿ ವರ್ಷ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. (ಇದು ‘ಪ್ರಪಂಚದ ಅತಿ ಹಳೆಯ ಬಂಡೆ’ ಎಂಬ ಫಾರ್ವರ್ಡ್ ಕೂಡ ಇದೆ. ಅದು ತಪ್ಪು. ಕೆನಡಾದ ಅಕಾಸ್ಟಾ ನೈಸ್ ಸುಮಾರು 400 ಕೋಟಿ ವರ್ಷ ಹಳೆಯದು. ನಮ್ಮ ಬಂಡೆಗೆ ಅದರಿಂದ ಅವಮಾನವೇನೂ ಇಲ್ಲ.)

ಇದೇ ಬಗೆಯ ಶಿಲೆ ಬೆಂಗಳೂರಿನ ಬಹುಭಾಗದ ಅಡಿಯಲ್ಲಿ ಹಾಸಿಕೊಂಡಿದೆ. ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಳಿಜಾರುಗಳು ಸೌಮ್ಯವಾಗಿವೆ, ವರ್ಷದ ಮಳೆ 1,000 ಮಿ.ಮೀ. ಆಸುಪಾಸು. ಕಡಿದಾದ ಗುಡ್ಡ, ದಪ್ಪ ಮಣ್ಣು, ವಾರಗಟ್ಟಲೆ ಬಿಡದ ಮಳೆ: ದೊಡ್ಡ ಭೂಕುಸಿತಕ್ಕೆ ಬೇಕಾದ ಈ ಮೂರೂ ಒಟ್ಟಿಗೆ ಇಲ್ಲಿ ಸೇರುವುದಿಲ್ಲ.

ಹಾಗಾದರೆ ಮಳೆ ಬಂದಾಗ ಇಲ್ಲಿನ ತೊಂದರೆ ಏನು? ನೀರು. ಬೆಂಗಳೂರು ಒಂದು ಏಣಿನ ಮೇಲೆ ಕೂತಿದೆ, ಮನೆಯ ಚಾವಣಿಯ ನೆತ್ತಿಯ ಹಾಗೆ. ಬಸವನಗುಡಿ ಕಡೆ ಬಿದ್ದ ನೀರು ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಕಾವೇರಿಗೆ ಹೋಗುತ್ತದೆ. ಅಲ್ಲಿಂದ ಎರಡು ಮೂರು ಕಿಲೋಮೀಟರ್ ದೂರದ ಲಾಲ್‌ಬಾಗ್, ಸಿದ್ದಾಪುರ ಕಡೆಯ ನೀರು ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿ ಸೇರಿ ತಮಿಳುನಾಡಿಗೆ ಹೊರಡುತ್ತದೆ. ನಡುವಿನ ರಾಜಕಾಲುವೆ ಕಟ್ಟಿಕೊಂಡರೆ ನೀರು ರಸ್ತೆಗೆ ಬರುತ್ತದೆ. ಏಣಿನ ಮೇಲಿನ ಊರಿಗೆ ದೊಡ್ಡ ನದಿ ಹತ್ತಿರವಿಲ್ಲ. ಕುಡಿಯುವ ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಮೇಲಕ್ಕೆತ್ತಿ ತರಬೇಕು.

ಬಂಡೆಯ ಪ್ರಭಾವ ಸಾರಿಗೆಯ ಮೇಲೂ ಇದೆ. ನಮ್ಮ ಮೆಟ್ರೊದ ಗುಲಾಬಿ ಮಾರ್ಗ ಡೈರಿ ಸರ್ಕಲ್ ಬಳಿಯಿಂದ ನಾಗವಾರದ ತನಕ ನೆಲದಡಿಯಲ್ಲಿ ಸಾಗುತ್ತದೆ. ಸಿದ್ದಾಪುರಕ್ಕೆ ಹತ್ತಿರದ ಲಕ್ಕಸಂದ್ರ ನಿಲ್ದಾಣವೂ ಅದರಲ್ಲಿದೆ. ಸುರಂಗ ಕೊರೆಯುವ ಯಂತ್ರಕ್ಕೆ ಪೂರ್ತಿ ಬಂಡೆಯಾದರೂ ಸರಿ, ಪೂರ್ತಿ ಮಣ್ಣಾದರೂ ಸರಿ. ಎರಡೂ ಕಲೆತಿದ್ದರೆ ಕಷ್ಟ. ಬೆಂಗಳೂರಿನಲ್ಲಿ ಗಟ್ಟಿ ಬಂಡೆ ಇದ್ದಲ್ಲೇ ಸ್ವಲ್ಪ ಮುಂದೆ ಶಿಥಿಲ ಮಣ್ಣು ಸಿಗುತ್ತದೆ. ಯಂತ್ರದ ಹಲ್ಲುಗಳು ಬೇಗ ಸವೆಯುತ್ತವೆ, ಬದಲಿಸಲು ಕೆಲಸ ನಿಲ್ಲಿಸಬೇಕಾಗುತ್ತದೆ.

ಉತ್ತರ ಕನ್ನಡದ ಸಿದ್ದಾಪುರ: ಘಟ್ಟದ ಅಂಚಿನಲ್ಲಿ

ಸುದ್ದಿಯಲ್ಲಿ ‘ಸಿದ್ದಾಪುರ ತಾಲ್ಲೂಕು’ ಎಂದಿದ್ದರೆ ಅದು ಸಾಮಾನ್ಯವಾಗಿ ಇದೇ. ಸಹ್ಯಾದ್ರಿಯ ನೆತ್ತಿಯ ಮೇಲಿನ ಊರು. ಶರಾವತಿ 253 ಮೀಟರ್ ಧುಮುಕುವ ಜೋಗ ಇದರ ಗಡಿಯಲ್ಲೇ ಇದೆ, ಅಘನಾಶಿನಿಯ ಉಂಚಳ್ಳಿ ಜಲಪಾತ ಇದೇ ತಾಲ್ಲೂಕಿನದು. ಇಷ್ಟೊಂದು ಜಲಪಾತ ಏಕೆಂದರೆ ಪಶ್ಚಿಮ ಘಟ್ಟ ನಿಜವಾಗಿ ಎರಡೂ ಕಡೆ ಇಳಿಯುವ ಬೆಟ್ಟಸಾಲಲ್ಲ, ದಖ್ಖನ್ ಪ್ರಸ್ಥಭೂಮಿಯ ಕತ್ತರಿಸಿದ ಅಂಚು. ಪೂರ್ವಕ್ಕೆ ನಿಧಾನವಾಗಿ ತಗ್ಗುತ್ತದೆ, ಪಶ್ಚಿಮಕ್ಕೆ ಗೋಡೆಯ ಹಾಗೆ ಬೀಳುತ್ತದೆ.

ಆ ಗೋಡೆಯನ್ನು ಇಳಿಯುವ ರಸ್ತೆಗಳೇ ಘಾಟಿಗಳು. ಸಿದ್ದಾಪುರದಿಂದ ಕುಮಟಾಕ್ಕೆ ದೊಡ್ಮನೆ ಘಾಟಿ, ಹೊನ್ನಾವರಕ್ಕೆ ಗೇರುಸೊಪ್ಪೆ ದಾರಿ. ರೈಲಂತೂ ಇಲ್ಲಿಗೆ ಬರಲೇ ಇಲ್ಲ. ಶಿವಮೊಗ್ಗದಿಂದ ಬಂದ ಹಳಿ ಪಕ್ಕದ ಸಾಗರ ತಾಲ್ಲೂಕಿನ ತಾಳಗುಪ್ಪದಲ್ಲಿ ನಿಂತುಹೋಗಿದೆ. ಹೊನ್ನಾವರಕ್ಕೆ ಮುಂದುವರಿಸಬೇಕೆಂಬ ಬೇಡಿಕೆ ಹಳೆಯದು. ಆದರೆ ನಡುವೆ ಇರುವುದು ಘಟ್ಟದ ಗೋಡೆ ಮತ್ತು ದಟ್ಟ ಕಾಡು. ಹುಬ್ಬಳ್ಳಿ–ಅಂಕೋಲಾ ಮಾರ್ಗ ದಶಕಗಳಿಂದ ಮುಗಿಯದಿರುವುದಕ್ಕೂ ಕಾಡೇ ಮುಖ್ಯ ಪ್ರಶ್ನೆ.

‘ಬೆಂಗಳೂರು–ಮಂಗಳೂರು ಇಷ್ಟು ಹತ್ತಿರ, ರೈಲು ಇಡೀ ರಾತ್ರಿ ಏಕೆ ಓಡುತ್ತದೆ?’ ಎಂದು ಕೇಳುವ ಫಾರ್ವರ್ಡ್‌ಗೂ ಉತ್ತರ ಈ ಗೋಡೆಯಲ್ಲೇ ಇದೆ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗಗಳಿವೆ. ಪ್ರತಿ 50 ಮೀಟರ್‌ಗೆ ಒಂದು ಮೀಟರ್ ಇಳಿಜಾರು. ರಸ್ತೆಯಲ್ಲಿ ಇದು ಏನೂ ಅಲ್ಲ, ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಬಹಳ. ಹತ್ತುವಾಗ ಹೆಚ್ಚುವರಿ ಎಂಜಿನ್ ಬೇಕು, ಇಳಿಯುವಾಗ ವೇಗಕ್ಕೆ ಕಡಿವಾಣ ಬೇಕು. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಈ ಮಾರ್ಗವನ್ನು 1996ರಲ್ಲಿ ಗೇಜ್ ಪರಿವರ್ತನೆಗೆ ಮುಚ್ಚಲಾಯಿತು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರಲ್ಲಿ. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯಡಿಯ ಮಣ್ಣು ಜಾರಿ ಮತ್ತೆ ಸಂಚಾರ ನಿಂತಿತು.

ಗುಡ್ಡ ಕುಸಿಯುವುದು ಹೇಗೆ?

ಘಟ್ಟ ಮತ್ತು ಕರಾವಳಿಯಲ್ಲಿ ಶಿಲೆಯ ಮೇಲೆ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ಮೆತ್ತನೆಯ ಜೇಡಿ ಇರುವ ಜಾಗಗಳು ಬಹಳ. ಸತತ ಮಳೆಯಲ್ಲಿ ನೀರು ಇಂಗಿ ಗಟ್ಟಿ ಶಿಲೆಯ ಮೇಲೆ ನಿಲ್ಲುತ್ತದೆ. ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಆ ಹೊತ್ತಿಗೆ ಗುಡ್ಡದ ಬುಡವನ್ನು ರಸ್ತೆಗಾಗಿ ನೆಟ್ಟಗೆ ಕಡಿದಿದ್ದರೆ ಮೇಲಿನ ರಾಶಿಯನ್ನು ತಡೆಯುವವರಿಲ್ಲ. ರಸ್ತೆ ಅಗಲ ಮಾಡುವಾಗ ಇಳಿಜಾರನ್ನು ಮೆಟ್ಟಿಲಾಗಿ ಕತ್ತರಿಸಿ, ನೀರು ಹೊರಹೋಗಲು ದಾರಿ ಬಿಡುವುದು ಗೊತ್ತಿರುವ ವಿಧಾನ. ಜಾಗವೂ ಹಣವೂ ಹೆಚ್ಚು ಬೇಕಾಗುತ್ತದೆ ಎಂಬುದು ಅದರ ಒಂದೇ ದೋಷ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿ ಬಿತ್ತು. ರಸ್ತೆ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು ಗಂಗಾವಳಿ ನದಿಗೆ ಸೇರಿದವು, ಹಲವರು ಪ್ರಾಣ ಕಳೆದುಕೊಂಡರು. ಒಂದು ಲಾರಿ ನದಿಯೊಳಗೆ ಸಿಕ್ಕಿದ್ದು ಎರಡು ತಿಂಗಳಿಗೂ ಹೆಚ್ಚು ಕಾಲದ ನಂತರ. ಇಂಥ ಕಡೆಯ ನಿಜವಾದ ಎಚ್ಚರಿಕೆ ಜೀವ ಉಳಿಸುತ್ತದೆ. ಊರು ತಪ್ಪಿದ ಹಳೆಯ ವಿಡಿಯೊಗಳು ಪದೇ ಪದೇ ಬಂದರೆ ಜನ ನಿಜವಾದದ್ದನ್ನೂ ನಂಬುವುದಿಲ್ಲ.

ಉಡುಪಿ, ಕೊಡಗು, ಚಿತ್ರದುರ್ಗ

ಉಡುಪಿ ಜಿಲ್ಲೆಯ ಸಿದ್ದಾಪುರ ಕುಂದಾಪುರದಿಂದ ಘಟ್ಟದ ಕಡೆ ಹೋಗುವಾಗ ಸಿಗುವ, ಬುಡದ ಊರು. ಇಲ್ಲಿಂದ ಹೊಸಂಗಡಿ ದಾಟಿದರೆ ಬಾಳೆಬರೆ ಘಾಟಿ ಹತ್ತಬೇಕು. ಮೇಲಿನ ಹುಲಿಕಲ್ ರಾಜ್ಯದ ಅತಿ ಹೆಚ್ಚು ಮಳೆಯ ಜಾಗಗಳಲ್ಲಿ ಒಂದು. ಆದ್ದರಿಂದ ‘ಸಿದ್ದಾಪುರ ಘಾಟಿ ಬಂದ್’ ಎಂಬ ಸಂದೇಶಕ್ಕೆ ಇಲ್ಲಿ ಆಧಾರ ಇರಬಹುದು.

ಕೊಡಗಿನ ಸಿದ್ದಾಪುರ ಕಾಫಿ ತೋಟಗಳ ನಡುವೆ, ಕಾವೇರಿಯ ಹತ್ತಿರ ಇದೆ. ಇಲ್ಲಿನ ಮುಖ್ಯ ಅಪಾಯ ನದಿಯದು. 2019ರ ಆಗಸ್ಟ್‌ನಲ್ಲಿ ಕರಡಿಗೋಡು, ನೆಲ್ಯಹುದಿಕೇರಿ ಭಾಗದಲ್ಲಿ ಹೊಳೆ ಉಕ್ಕಿ ಅನೇಕ ಕುಟುಂಬಗಳು ಮನೆ ಕಳೆದುಕೊಂಡವು. 2018ರಲ್ಲಿ ಗುಡ್ಡ ಕುಸಿದು ಹೆದ್ದಾರಿ ಹಾಳಾದದ್ದು ಮಡಿಕೇರಿ–ಸಂಪಾಜೆ ಕಡೆ. ಕೊಡಗಿನಲ್ಲಿ ರೈಲು ಮಾರ್ಗ ಇಲ್ಲ. ರಸ್ತೆ ಹೋದರೆ ಎಲ್ಲ ಹೋದಂತೆ.

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರ ಇವೆಲ್ಲಕ್ಕೂ ಉಲ್ಟಾ: ಒಣ ಬಯಲುಸೀಮೆ. ಅಶೋಕನ ಶಾಸನ ಸಿಕ್ಕ ಊರು. ಅಲ್ಲಿ ಹಸಿರು ಕಾಡಿನ ನಡುವೆ ಗುಡ್ಡ ಕುಸಿಯುವ ವಿಡಿಯೊ ಬಂದರೆ ನೋಡುವ ಮೊದಲೇ ಅನುಮಾನ ಪಡಬಹುದು.

ವಿಡಿಯೊ ಎಲ್ಲಿಯದು ಎಂದು ಗುರುತಿಸಲು

ಮೊದಲು ವಾಹನಗಳ ನಂಬರ್ ಪ್ಲೇಟ್ ನೋಡಿ. ಕೆಎ 31 ಶಿರಸಿ ಕಡೆಯದು, ಕೆಎ 20 ಉಡುಪಿ, ಕೆಎ 12 ಕೊಡಗು, ಕೆಎ 16 ಚಿತ್ರದುರ್ಗ, ಕೆಎ 05 ಬೆಂಗಳೂರಿನ ಜಯನಗರ. ಒಂದು ವಾಹನ ಎಲ್ಲಿಂದಲಾದರೂ ಬಂದಿರಬಹುದು, ನಾಲ್ಕೈದು ಬೈಕು, ಆಟೊಗಳು ಒಂದೇ ನಂಬರಿನವಾದರೆ ನಂಬಬಹುದು. ಬಸ್ಸು ಕಂಡರೆ ಇನ್ನೂ ಸುಲಭ: ಉತ್ತರ ಕನ್ನಡದಲ್ಲಿ ವಾಯವ್ಯ ಸಾರಿಗೆ, ಬೆಂಗಳೂರಿನಲ್ಲಿ ಬಿಎಂಟಿಸಿ, ಉಡುಪಿಯಲ್ಲಿ ಖಾಸಗಿ ಬಸ್ಸುಗಳೇ ಜಾಸ್ತಿ. ಹಿನ್ನೆಲೆಯಲ್ಲಿ ಕೇಳುವ ಮಾತನ್ನೂ ಗಮನಿಸಿ. ಕುಂದಾಪುರದ ಕನ್ನಡ, ಮಲಯಾಳ ಅಥವಾ ಮರಾಠಿ ಬಹಳಷ್ಟು ಸಲ ಗುಟ್ಟು ಬಿಟ್ಟುಕೊಡುತ್ತದೆ.

ಹೊರಡಬೇಕಾದ ದಾರಿಯ ಬಗ್ಗೆ ನಿಜವಾಗಿ ತಿಳಿಯಬೇಕಿದ್ದರೆ ಆಯಾ ಜಿಲ್ಲೆಯ ವಿಪತ್ತು ನಿರ್ವಹಣಾ ಸಹಾಯವಾಣಿ 1077, ರೈಲಿನ ವಿಷಯಕ್ಕೆ 139, ತುರ್ತು ನೆರವಿಗೆ 112 ಇದೆ. ಸಂದೇಶವನ್ನು ಕಳಿಸಲೇಬೇಕು ಅನಿಸಿದರೆ ಊರಿನ ಹೆಸರಿನ ಮುಂದೆ ಜಿಲ್ಲೆ, ಕೆಳಗೆ ಇವತ್ತಿನ ದಿನಾಂಕ ಸೇರಿಸಿ ಕಳಿಸಿ. ಅವೆರಡೂ ನಿಮಗೆ ಗೊತ್ತಿಲ್ಲದಿದ್ದರೆ, ನಿಮಗೆ ಕಳಿಸಿದವರನ್ನೇ ಕೇಳಿ.