ಹಿರಿಯರ ವಸತಿಯ ಗುಣಮಟ್ಟ: ಯಾರ ದಾಖಲೆಯನ್ನು ನಂಬಬೇಕು?

ಹಿರಿಯರ ವಸತಿ ಸಮುಚ್ಚಯವನ್ನು ನೋಡಲು ಹೋದವರು ಸಾಮಾನ್ಯವಾಗಿ ಕಟ್ಟಡವನ್ನು ನೋಡಿ ಬರುತ್ತಾರೆ. ಬಚ್ಚಲಲ್ಲಿ ಹಿಡಿಕೆ ಇದೆಯೇ, ನೆಲ ಜಾರುತ್ತದೆಯೇ, ಲಿಫ್ಟಿನೊಳಗೆ ಗಾಲಿಕುರ್ಚಿ ಹಿಡಿಸುತ್ತದೆಯೇ ಎಂದು ವಿಚಾರಿಸುತ್ತಾರೆ. ಕೇಳಲೇಬೇಕಾದ ಪ್ರಶ್ನೆಗಳಿವು, ಆದರೆ ಉತ್ತರ ಕಣ್ಣೆದುರೇ ಇರುತ್ತದೆ. ಕಣ್ಣಿಗೆ ಬೀಳದ ಸಂಗತಿಗಳು ಬೇರೆ. ರಾತ್ರಿ ಎರಡಕ್ಕೆ ಕರೆಗಂಟೆ ಒತ್ತಿದರೆ ಯಾರು ಬರುತ್ತಾರೆ? ಆ ಹೊತ್ತಿನಲ್ಲಿ ಕೆಲಸದ ಮೇಲೆ ಎಷ್ಟು ಜನ ಇರುತ್ತಾರೆ? ಹೋದ ವರ್ಷ ಆರೈಕೆ ಮಾಡಿದವರೇ ಈ ವರ್ಷವೂ ಇದ್ದಾರೆಯೇ? ಇವನ್ನು ಅಳೆಯುವುದಕ್ಕೆ ಯಾವ ದಾಖಲೆ ಆಧಾರವಾಗಬಲ್ಲದು ಎಂಬುದು ಈ ಟಿಪ್ಪಣಿಯ ಪ್ರಶ್ನೆ. ಸಂಸ್ಥೆ ತನ್ನ ವಿಷಯದಲ್ಲಿ ತಾನೇ ಬರೆದುಕೊಟ್ಟ ಲೆಕ್ಕಕ್ಕಿಂತ, ಬೇರೊಂದು ಉದ್ದೇಶಕ್ಕಾಗಿ ಹುಟ್ಟಿದ ದಾಖಲೆ ಹೆಚ್ಚು ನಂಬಲರ್ಹ ಎಂಬುದು ನನ್ನ ನಿಲುವು.

ಆರೈಕೆಯ ಗುಣವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ನೋಡಬೇಕೆಂದು ಅವೆಡಿಸ್ ಡೊನಬೇಡಿಯನ್ 1966ರಲ್ಲಿ ಬರೆದರು. ಅಂದಿನಿಂದ ಈ ಕ್ಷೇತ್ರದ ಅಳತೆಗಳೆಲ್ಲ ಹೆಚ್ಚುಕಡಿಮೆ ಅದೇ ಚೌಕಟ್ಟಿನಲ್ಲಿವೆ. ಚೌಕಟ್ಟಿನ ಬಗ್ಗೆ ನನಗೆ ತಕರಾರಿಲ್ಲ. ಅದರೊಳಗೆ ತುಂಬುವ ಅಂಕಿಗಳು ಯಾರ ಕೈಯಿಂದ ಬರುತ್ತವೆ ಎಂಬುದೇ ಮುಖ್ಯ, ಮತ್ತು ಇದಕ್ಕೆ ಅಮೆರಿಕದ ಅನುಭವಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಕಷ್ಟ.

ನಮ್ಮ ಊರುಗಳಲ್ಲಿ ನರ್ಸಿಂಗ್ ಹೋಮ್ ಎಂದರೆ ಸಣ್ಣ ಖಾಸಗಿ ಆಸ್ಪತ್ರೆ. ಅಮೆರಿಕದಲ್ಲಿ ಅದು ದೀರ್ಘಕಾಲದ ಆರೈಕೆ ಬೇಕಾದ ಹಿರಿಯರು ಉಳಿಯುವ ಮನೆ. ಅಂಥ ಸುಮಾರು 15,000 ಮನೆಗಳಿಗೆ ಅಲ್ಲಿನ ಕೇಂದ್ರ ಸರ್ಕಾರ 2008ರ ಡಿಸೆಂಬರ್‌ನಿಂದ ಒಂದರಿಂದ ಐದರವರೆಗೆ ನಕ್ಷತ್ರ ಕೊಡುತ್ತಿದೆ. ಸರ್ಕಾರಿ ತಪಾಸಣೆ, ಸಿಬ್ಬಂದಿಯ ಪ್ರಮಾಣ, ನಿವಾಸಿಗಳ ಆರೋಗ್ಯದ ಸೂಚಕಗಳು ಈ ಮೂರೂ ಸೇರಿ ನಕ್ಷತ್ರವಾಗುತ್ತವೆ. ಇವುಗಳಲ್ಲಿ ಮೊದಲನೆಯದು ಮಾತ್ರ ಹೊರಗಿನವರು ಬಂದು ನೋಡಿ ಬರೆದದ್ದು. ಉಳಿದೆರಡನ್ನು ಬಹುಕಾಲ ಮನೆಗಳೇ ಬರೆದು ಕೊಡುತ್ತಿದ್ದವು. ಸಿಬ್ಬಂದಿಯ ಲೆಕ್ಕವಂತೂ ವರ್ಷಕ್ಕೊಮ್ಮೆ, ತಪಾಸಣೆಯ ಆಸುಪಾಸಿನ ಎರಡು ವಾರಗಳದ್ದು.

2010ರ ಆರೋಗ್ಯ ಕಾನೂನು ಇದನ್ನು ಬದಲಿಸಿತು. ಸಿಬ್ಬಂದಿಯ ಲೆಕ್ಕವನ್ನು ಸಂಬಳದ ಪಟ್ಟಿಯ ಆಧಾರದಲ್ಲಿ, ದಿನದಿನಕ್ಕೆ ಸಲ್ಲಿಸಬೇಕೆಂಬ ನಿಯಮ 2016ರ ಜುಲೈಯಲ್ಲಿ ಕಡ್ಡಾಯವಾಗಿ, 2018ರಲ್ಲಿ ನಕ್ಷತ್ರದ ಲೆಕ್ಕಕ್ಕೂ ಸೇರಿತು. ಫಾಂಗ್ಲಿ ಗೆಂಗ್, ಡೇವಿಡ್ ಸ್ಟೀವನ್ಸನ್, ಡೇವಿಡ್ ಗ್ರಾಬೋಸ್ಕಿ ಈ ಹೊಸ ಲೆಕ್ಕವನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸಿಬ್ಬಂದಿಯ ಸಂಖ್ಯೆ ದಿನದಿಂದ ದಿನಕ್ಕೆ ಬಹಳ ಏರಿಳಿಯುತ್ತಿತ್ತು, ಶನಿವಾರ ಭಾನುವಾರ ಕುಸಿಯುತ್ತಿತ್ತು, ತಪಾಸಣೆಯ ಹೊತ್ತಿಗೆ ಏರಿ ಆಮೇಲೆ ಇಳಿಯುತ್ತಿತ್ತು. ಮನೆಗಳು ಅವೇ, ಕೆಲಸಗಾರರೂ ಅವರೇ. ಸಂಬಳದ ಪಟ್ಟಿಯನ್ನು ತೆರೆದು ನೋಡಿದ್ದರಿಂದ ಭಾನುವಾರದ ಕೊರತೆ ಬೆಳಕಿಗೆ ಬಂತು. ವಾರಾಂತ್ಯದ ಸಿಬ್ಬಂದಿಯನ್ನೂ ಕೆಲಸ ಬಿಟ್ಟುಹೋಗುವವರ ಪ್ರಮಾಣವನ್ನೂ 2022ರಿಂದ ನಕ್ಷತ್ರದ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ.

ಮೂರನೆಯದಾದ ಆರೋಗ್ಯ ಸೂಚಕಗಳ ಕಥೆ ಇನ್ನೂ ನೋವಿನದು. ಬಿದ್ದು ದೊಡ್ಡ ಪೆಟ್ಟು ಮಾಡಿಕೊಂಡ ನಿವಾಸಿಗಳೆಷ್ಟು ಎಂದು ಮನೆಗಳೇ ವರದಿ ಮಾಡಬೇಕು. ಚಿಕಾಗೊ ವಿಶ್ವವಿದ್ಯಾಲಯದ ಪ್ರಾಚಿ ಸಾಂಘ್ವಿ ಮತ್ತು ಸಂಗಡಿಗರು ಆ ವರದಿಗಳನ್ನು ಆಸ್ಪತ್ರೆಯ ಬಿಲ್ಲುಗಳ ಪಕ್ಕದಲ್ಲಿಟ್ಟು ನೋಡಿದರು. ಬಿಲ್ಲಿನಲ್ಲಿ ಕಂಡ ಪ್ರಕರಣಗಳ ಪೈಕಿ ಮನೆಗಳು ಒಪ್ಪಿಕೊಂಡದ್ದು ಶೇ 57.5 ಮಾತ್ರ. ಮಂಪರು ತರಿಸುವ ಮನೋರೋಗದ ಔಷಧಿಗಳ ವಿಷಯವೂ ಹೀಗೆಯೇ. ಆ ಔಷಧಿಯ ಬಳಕೆ ಹೆಚ್ಚಿದ್ದರೆ ಅಂಕ ಕಡಿಮೆಯಾಗುತ್ತದೆ, ಆದರೆ ಸ್ಕಿಜೋಫ್ರೇನಿಯಾ ಇದ್ದವರನ್ನು ಎಣಿಕೆಯಿಂದ ಬಿಡಲಾಗುತ್ತದೆ. ಆ ಕಾಯಿಲೆಯ ಹೆಸರನ್ನು ಸಾಕಷ್ಟು ಆಧಾರವಿಲ್ಲದೆ ಬರೆಯಲಾಗುತ್ತಿದೆಯೇ ಎಂದು ಪರಿಶೋಧಿಸಲು ಸರ್ಕಾರ 2023ರ ಜನವರಿಯಲ್ಲಿ ಮುಂದಾಗಬೇಕಾಯಿತು. ಹಾಸಿಗೆ ಹಿಡಿದ ಮುದುಕಿಯೊಬ್ಬಳ ಕಡತಕ್ಕೆ ಅವಳಿಗಿಲ್ಲದ ಕಾಯಿಲೆ ಸೇರಿದರೆ, ಅಲ್ಲಿಂದಾಚೆಗೆ ನೋಡುವ ಪ್ರತಿ ವೈದ್ಯರೂ ಅವಳನ್ನು ಅದರ ಮೂಲಕವೇ ನೋಡುತ್ತಾರೆ. ಹಾಗಾಗಿ ಇದನ್ನು ಅಂಕಿಯ ದೋಷವೆಂದಷ್ಟೇ ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಇನ್ನು ಭಾರತ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 19ನೇ ಕಲಮು ಹೇಳುವುದು ನಿರ್ಗತಿಕ ಹಿರಿಯರ ವೃದ್ಧಾಶ್ರಮಗಳ ಬಗ್ಗೆ: ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಜನರಿಗಾದರೂ ಜಾಗವಿರುವಂತೆ ರಾಜ್ಯ ಸರ್ಕಾರ ಅವನ್ನು ಸ್ಥಾಪಿಸಬಹುದು. ಹಣ ಕೊಟ್ಟು ಸೇರುವ ವಸತಿಗಳಿಗಾಗಿ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಮಾದರಿ ಮಾರ್ಗಸೂಚಿ ಹೊರಡಿಸಿತು. ಕಟ್ಟಿಸಿದವರು, ಸೇವೆ ಕೊಡುವವರು, ಮನೆ ಪಡೆದವರು ಈ ಮೂವರ ನಡುವೆ ಕರಾರು ಇರಬೇಕೆಂಬುದು ಅದರ ಒಳ್ಳೆಯ ಅಂಶ. ಆದರೆ ಅದು ಸಲಹೆ. ರಾಜ್ಯಗಳು ಒಪ್ಪಿಕೊಂಡರಷ್ಟೇ ಅದಕ್ಕೆ ಬಲ. ಮಹಾರಾಷ್ಟ್ರದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ (ರೇರಾ) 2024ರಲ್ಲಿ ಬಾಗಿಲ ಅಗಲ 900 ಮಿಲಿಮೀಟರ್ ಇರಬೇಕೆಂಬಂಥ ಕನಿಷ್ಠ ಮಾನದಂಡಗಳನ್ನು ಗೊತ್ತುಪಡಿಸಿ, ಮಾರಾಟದ ಕರಾರಿನಲ್ಲೇ ಅವನ್ನು ಸೇರಿಸಬೇಕೆಂದಿತು. ಸ್ವಾಗತಾರ್ಹ ಹೆಜ್ಜೆ. ಆದರೂ ಬಾಗಿಲನ್ನು ಅಳೆದಷ್ಟು ಸುಲಭವಾಗಿ ರಾತ್ರಿ ಪಾಳಿಯನ್ನು ಅಳೆಯಲಾಗದು.

ಸಂಬಳದ ಪಟ್ಟಿಗೆ ಸಮನಾದ ಸಾರ್ವಜನಿಕ ದಾಖಲೆ ನಮ್ಮಲ್ಲೇನಿದೆ? ಈ ಕೆಲಸಕ್ಕೆ ಬಳಸಬಹುದಾದ ಒಂದು ದಾಖಲೆಯನ್ನು ಸೂಚಿಸುತ್ತೇನೆ. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಭವಿಷ್ಯನಿಧಿ ಕಾಯ್ದೆಗೆ ಒಳಪಡುತ್ತವೆ. ಯಾವ ತಿಂಗಳಿಗೆ ಎಷ್ಟು ಜನರ ಪಿಎಫ್ ಕಟ್ಟಲಾಗಿದೆ ಎಂಬುದನ್ನು ಭವಿಷ್ಯನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರಿನಿಂದ ಹುಡುಕಿ ಯಾರು ಬೇಕಾದರೂ ನೋಡಬಹುದು. ದೂರದ ಊರಿನಲ್ಲಿ ಕುಳಿತು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಅಪ್ಪ ಅಮ್ಮನಿಗೆ ಜಾಗ ನೋಡುತ್ತಿರುವ ಮಗಳೂ ನೋಡಬಹುದು. ನಲವತ್ತು ಜನ ಆರೈಕೆಯವರಿದ್ದಾರೆ ಎಂದು ಸಂಸ್ಥೆ ಹೇಳಿ, ಪಿಎಫ್ ಹನ್ನೆರಡೇ ಜನರದ್ದಿದ್ದರೆ ಕೇಳಬೇಕಾದ ಪ್ರಶ್ನೆ ತಾನೇ ಎದ್ದುಬರುತ್ತದೆ.

ಈ ದಾಖಲೆಗೆ ಮಿತಿಗಳೂ ಇವೆ. ಏಜೆನ್ಸಿಯ ಮೂಲಕ ಬಂದವರ ಪಿಎಫ್ ಏಜೆನ್ಸಿಯ ಹೆಸರಿನಲ್ಲಿರುತ್ತದೆ. ಎಣಿಕೆಯಲ್ಲಿ ಅಡುಗೆಯವರು ಯಾರು, ನರ್ಸ್ ಯಾರು ಎಂದು ತಿಳಿಯುವುದಿಲ್ಲ. ಸಂಖ್ಯೆ ಸ್ಥಿರವಾಗಿದ್ದೂ ಜನ ಬದಲಾಗುತ್ತಲೇ ಇರಬಹುದು, ಮತ್ತು ನನಗೆ ಹೆಚ್ಚು ಕಳವಳ ತರುವ ಮಿತಿ ಇದೇ. ಬೆಂಗಳೂರಿನ ಆರೈಕೆ ಕೆಲಸಕ್ಕೆ ಒಡಿಶಾ, ಜಾರ್ಖಂಡ್, ಅಸ್ಸಾಂ ಕಡೆಯ ಎಳೆಯರೂ ಬರುತ್ತಾರೆ. ಮರೆವಿನ ಕಾಯಿಲೆ ಬಲಿತಂತೆ, ನಡುವೆ ಕಲಿತ ಇಂಗ್ಲಿಷ್, ಹಿಂದಿ ಜಾರಿಹೋಗಿ ಮೊದಲ ನುಡಿಯೊಂದೇ ಉಳಿಯುವುದುಂಟು. ಆಗ ಅಜ್ಜಿ ‘ಹೊಟ್ಟೆ ತೊಳಸ್ತಿದೆ’ ಎಂದದ್ದು ಕೇಳುವವರಿಗೆ ತಿಳಿಯಬೇಕು. ಎರಡು ವರ್ಷ ನಿಂತ ಹುಡುಗಿಗೆ ಅದು ತಿಳಿಯುತ್ತದೆ, ಹೋದ ತಿಂಗಳು ಬಂದವಳಿಗೆ ತಿಳಿಯುವುದಿಲ್ಲ. ಇದರಲ್ಲಿ ಆ ಹುಡುಗಿಯ ತಪ್ಪೇನೂ ಇಲ್ಲ. ಅವಳು ನಿಲ್ಲುವಂತೆ ಸಂಬಳ, ರಜೆ, ಮಲಗುವ ಜಾಗ ಕೊಡಬೇಕಾದದ್ದು ಸಂಸ್ಥೆ.

ಹಾಗಾಗಿ ಪಿಎಫ್ ಎಣಿಕೆಯ ಜೊತೆಗೆ ಎರಡು ಕಾಗದಗಳನ್ನು ಕೇಳಿ ಪಡೆಯುವುದು ಅಗತ್ಯ. ಒಂದು, ಹಿಂದಿನ ತಿಂಗಳ ಭಾನುವಾರಗಳ ರಾತ್ರಿ ಪಾಳಿಯ ಹಾಜರಿ, ಪ್ರತಿಯೊಬ್ಬರು ಕೆಲಸಕ್ಕೆ ಸೇರಿದ ದಿನಾಂಕದ ಸಮೇತ. ಇನ್ನೊಂದು, ಓಡಾಡಿಕೊಂಡಿದ್ದವರು ಹಾಸಿಗೆ ಹಿಡಿದರೆ ಅಲ್ಲೇ ಉಳಿಯಬಹುದೇ, ಹೆಚ್ಚಿನ ಖರ್ಚು ಯಾರದು, ಬಿಟ್ಟು ಹೋಗಬೇಕಾದರೆ ಠೇವಣಿ ಎಷ್ಟು ದಿನದಲ್ಲಿ ವಾಪಸು ಎಂದು ಬರೆದಿರುವ ಕರಾರಿನ ಪುಟ. ಮುಂಗಡ ಕೊಡುವ ಮೊದಲೇ ಇವೆರಡೂ ಕೈಗೆ ಬರಬೇಕು.