ನೆಲಮಾಳಿಗೆಗೆ ಮಳೆನೀರು ನುಗ್ಗಿದಾಗ ಅನುಸರಿಸಬೇಕಾದ ಕ್ರಮಗಳು ಹಾಗೂ ಮುಂಜಾಗ್ರತೆ

ಪೀಠಿಕೆ

ನಗರ ಪ್ರದೇಶಗಳಲ್ಲಿ ವಾಹನ ನಿಲುಗಡೆ, ಕುಡಿಯುವ ನೀರಿನ ಸಂಪು, ಜನರೇಟರ್ ಹಾಗೂ ವಿದ್ಯುತ್ ಫಲಕಗಳನ್ನು ನೆಲಮಾಳಿಗೆ, ಅಂದರೆ ಬೇಸ್‌ಮೆಂಟಿನಲ್ಲಿ ಅಳವಡಿಸುವ ರೂಢಿ ವ್ಯಾಪಕವಾಗಿದೆ. ಕಟ್ಟಡದ ಅತ್ಯಂತ ತಗ್ಗಿನ ಭಾಗವು ಇದೇ ಆಗಿರುವುದರಿಂದ ಅತಿವೃಷ್ಟಿಯ ಸಂದರ್ಭದಲ್ಲಿ ನೀರು ಮೊದಲು ಇಲ್ಲಿಗೇ ಹರಿದುಬರುತ್ತದೆ.

2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಂಗಳೂರಿನಲ್ಲಿ ಒಂದೇ ದಿನ 130 ಮಿ.ಮೀ.ಗೂ ಅಧಿಕ ಮಳೆ ಸುರಿದಾಗ ಬೆಳ್ಳಂದೂರು, ಯಮಲೂರು ಹಾಗೂ ಹೊರ ವರ್ತುಲ ರಸ್ತೆಯ ಆಸುಪಾಸಿನ ಅನೇಕ ಕಟ್ಟಡಗಳ ನೆಲಮಾಳಿಗೆಗಳು ಜಲಾವೃತವಾದವು. ಅದೇ ದಿನಗಳಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯ ಪಂಪಿಂಗ್ ಕೇಂದ್ರಕ್ಕೆ ನೀರು ನುಗ್ಗಿ, ಬೆಂಗಳೂರಿಗೆ ಕಾವೇರಿ ನೀರಿನ ಪೂರೈಕೆಯು ವ್ಯತ್ಯಯಗೊಂಡಿತು.

ಆಸ್ತಿಗೆ ಆದ ಹಾನಿಯನ್ನು ಕಾಲಕ್ರಮೇಣ ಸರಿಪಡಿಸಬಹುದು; ಜೀವಹಾನಿಯನ್ನು ಸರಿಪಡಿಸಲಾಗದು. 2024ರ ಜುಲೈ 27ರಂದು ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ತರಬೇತಿ ಕೇಂದ್ರವೊಂದರ ನೆಲಮಾಳಿಗೆಗೆ ನೀರು ನುಗ್ಗಿ ಮೂವರು ಅಭ್ಯರ್ಥಿಗಳು ಮೃತಪಟ್ಟರು. 2025ರ ಮೇ 19ರಂದು ಬೆಂಗಳೂರಿನ ಬಿ.ಟಿ.ಎಂ. ಬಡಾವಣೆಯ ವಸತಿ ಸಮುಚ್ಚಯವೊಂದರಲ್ಲಿ, ನಿಂತ ನೀರನ್ನು ವಿದ್ಯುತ್ ಮೋಟಾರಿನಿಂದ ಹೊರಹಾಕುವ ವೇಳೆ ವಿದ್ಯುತ್ ಪ್ರವಹಿಸಿ ಓರ್ವ ಹಿರಿಯ ನಿವಾಸಿ ಹಾಗೂ ಓರ್ವ ಬಾಲಕ ಅಸುನೀಗಿದರು. ನೀರು ಏರುತ್ತಿರುವಾಗ ನೆಲಮಾಳಿಗೆಗೆ ಇಳಿಯಬಾರದು ಮತ್ತು ವಿದ್ಯುತ್ ಸಂಪರ್ಕ ಕಡಿತಗೊಂಡಿರುವುದನ್ನು ಖಚಿತಪಡಿಸಿಕೊಳ್ಳದೆ ನಿಂತ ನೀರಿಗೆ ಕಾಲಿಡಬಾರದು. ಈ ಮಾಹಿತಿಯ ಮುಖ್ಯಾಂಶವು ಇದೇ ಆಗಿರುತ್ತದೆ.

1. ನೀರು ಬರುವ ಮಾರ್ಗಗಳು

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಮಳೆನೀರು ವೃಷಭಾವತಿ, ಕೋರಮಂಗಲ-ಚಲ್ಲಘಟ್ಟ ಹಾಗೂ ಹೆಬ್ಬಾಳ ಕಣಿವೆಗಳ ಮೂಲಕ, ಕೆರೆಯಿಂದ ಕೆರೆಗೆ ರಾಜಕಾಲುವೆಗಳಲ್ಲಿ ಹರಿಯುತ್ತದೆ. ಕೆರೆಯಂಗಳ ಅಥವಾ ಕಾಲುವೆಯಂಚಿನ ತಗ್ಗಿನಲ್ಲಿ ನಿರ್ಮಿಸಿದ ಕಟ್ಟಡಗಳಿಗೆ ಅಪಾಯವು ಹೆಚ್ಚು. ನೀರು ಯಾವ ಮಾರ್ಗದಿಂದ ಬಂದಿತೆಂಬುದನ್ನು ಮೊದಲು ಗುರುತಿಸಿದಲ್ಲಿ ಮಾತ್ರ ಪರಿಹಾರಕ್ಕೆ ಮಾಡುವ ವೆಚ್ಚವು ಸಾರ್ಥಕವಾಗುತ್ತದೆ.

(ಅ) ಮಳೆ ಬಿರುಸಾದ ಕೆಲವೇ ನಿಮಿಷಗಳಲ್ಲಿ ನೀರು ತುಂಬಿದಲ್ಲಿ, ಅದು ರಸ್ತೆಯಿಂದ ವಾಹನಗಳ ಇಳಿಜಾರಿನ ಮೂಲಕ ಬಂದ ನೀರು.
(ಆ) ಕಪ್ಪುಬಣ್ಣದ, ದುರ್ವಾಸನೆಯುಳ್ಳ ನೀರು ನೆಲದ ಜಾಲರಿ ಅಥವಾ ಶೌಚಾಲಯದಿಂದ ಉಕ್ಕಿದಲ್ಲಿ, ಅದು ಒಳಚರಂಡಿಯಿಂದ ಹಿಮ್ಮುಖವಾಗಿ ಬಂದ ನೀರು.
(ಇ) ಮಳೆ ನಿಂತ ನಂತರವೂ ದಿನಗಟ್ಟಲೆ ಗೋಡೆ ಅಥವಾ ನೆಲದಿಂದ ನೀರು ಜಿನುಗಿದಲ್ಲಿ, ಅದು ಏರಿದ ಅಂತರ್ಜಲ.
(ಈ) ನೀರು ಒಂದೇ ಮೂಲೆಯಲ್ಲಿ ಸೋರಿದಲ್ಲಿ ತಾರಸಿಯ ಕೊಳವೆ, ಸಂಪು ಅಥವಾ ಗೋಡೆಗೆ ತಾಗಿಕೊಂಡಿರುವ ಇಂಗುಗುಂಡಿಯನ್ನು ಪರಿಶೀಲಿಸತಕ್ಕದ್ದು.

2. ನೀರು ನುಗ್ಗಿದ ಕೂಡಲೇ ಕೈಗೊಳ್ಳಬೇಕಾದ ಕ್ರಮಗಳು

(ಅ) ನೆಲಮಾಳಿಗೆಯಲ್ಲಿರುವ ಎಲ್ಲರನ್ನೂ ಮೇಲಕ್ಕೆ ಕಳುಹಿಸತಕ್ಕದ್ದು. ವಾಹನವನ್ನು ಹೊರತರುವ ಸಲುವಾಗಿ ಯಾರೂ ಕೆಳಗಿಳಿಯಬಾರದು. ಇಳಿಜಾರಿನಲ್ಲಿ ರಭಸದಿಂದ ಹರಿಯುವ ನೀರಿಗೆ ಎದುರಾಗಿ ಹತ್ತುವುದು ಕಷ್ಟಸಾಧ್ಯ. ಹೊರಗಿನ ನೀರಿನ ಒತ್ತಡದಿಂದ ಬಾಗಿಲುಗಳು ತೆರೆಯದಿರುವ ಸಂಭವವೂ ಉಂಟು.
(ಆ) ಲಿಫ್ಟನ್ನು ಮೇಲಿನ ಅಂತಸ್ತಿನಲ್ಲಿ ನಿಲ್ಲಿಸಿ ಬಂದ್ ಮಾಡತಕ್ಕದ್ದು.
(ಇ) ಮುಖ್ಯ ಸ್ವಿಚ್ ಒಣ ಸ್ಥಳದಲ್ಲಿದ್ದರೆ ಮಾತ್ರ ಅದನ್ನು ಆರಿಸಬಹುದು. ಅದು ನೆಲಮಾಳಿಗೆಯಲ್ಲಿಯೇ ಇದ್ದಲ್ಲಿ 1912 ಸಂಖ್ಯೆಗೆ ಕರೆಮಾಡಿ, ವಿದ್ಯುತ್ ಸರಬರಾಜು ಕಂಪನಿಯ ಸಿಬ್ಬಂದಿಯಿಂದ ಹೊರಗಿನಿಂದಲೇ ಸಂಪರ್ಕ ಕಡಿತಗೊಳಿಸಬೇಕು.
(ಈ) ಸರಬರಾಜು ನಿಂತರೂ ಜನರೇಟರ್, ಯು.ಪಿ.ಎಸ್. ಮತ್ತು ಸೌರ ಫಲಕಗಳಿಂದ ವಿದ್ಯುತ್ ಹರಿಯುವ ಸಾಧ್ಯತೆ ಇರುವುದರಿಂದ ಅವುಗಳನ್ನೂ ಪ್ರತ್ಯೇಕಿಸತಕ್ಕದ್ದು.
(ಉ) ಯಾರಿಗಾದರೂ ವಿದ್ಯುತ್ ತಗುಲಿದಲ್ಲಿ, ಸಂಪರ್ಕ ಕಡಿತಗೊಳ್ಳುವ ಮುನ್ನ ಅವರನ್ನು ಬರಿಗೈಯಿಂದ ಮುಟ್ಟದೆ 112ಕ್ಕೆ ಕರೆಮಾಡಬೇಕು.

3. ನೀರನ್ನು ಹೊರಹಾಕುವ ವಿಧಾನ

ನೀರನ್ನು ಆದಷ್ಟು ಬೇಗ ಖಾಲಿ ಮಾಡಬೇಕೆಂಬ ಆತುರವು ಕಟ್ಟಡಕ್ಕೆ ಅಪಾಯಕಾರಿಯಾಗಬಹುದು. ಒಂದು ಮೀಟರ್ ಆಳದ ನೀರು ತಳದ ಪ್ರತಿ ಚದರ ಮೀಟರಿಗೆ ಸುಮಾರು ಒಂದು ಟನ್ ಒತ್ತಡ ಹಾಕುತ್ತದೆ. ಸುತ್ತಲಿನ ಮಣ್ಣು ನೀರುಂಡು ನಿಂತಿರುವಾಗ ಒಳಗಿನ ನೀರನ್ನು ಒಮ್ಮೆಲೇ ತೆಗೆದರೆ, ಹೊರಗಿನ ಒತ್ತಡವನ್ನು ತಡೆಯಲಾಗದೆ ಗೋಡೆ ಬಿರಿಯಬಹುದು ಅಥವಾ ನೆಲವು ಮೇಲಕ್ಕುಬ್ಬಬಹುದು. ಆದುದರಿಂದ ನೆಲಮಾಳಿಗೆಯು ಬಹುಪಾಲು ತುಂಬಿದ್ದಲ್ಲಿ ದಿನಕ್ಕೆ ಎರಡರಿಂದ ಮೂರು ಅಡಿಯಷ್ಟು ಮಾತ್ರ ನೀರನ್ನು ತೆಗೆಯುವುದು ಸೂಕ್ತ. ಗೋಡೆಯ ಮೇಲೆ ನೀರಿನ ಮಟ್ಟವನ್ನು ಗುರುತು ಮಾಡಿ, ಮರುದಿನ ಮಟ್ಟವು ಪುನಃ ಏರಿದ್ದರೆ ಪಂಪ್ ಮಾಡುವುದನ್ನು ಮುಂದೂಡಿ ಇಂಜಿನಿಯರ್ ಅವರ ಸಲಹೆ ಪಡೆಯತಕ್ಕದ್ದು.

ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಯಲಿನಲ್ಲಿಯೇ ಇರಿಸಿ ಪೈಪನ್ನು ಮಾತ್ರ ಕೆಳಗಿಳಿಸಬೇಕು. ಎಂಜಿನ್ನನ್ನು ನೆಲಮಾಳಿಗೆಯಲ್ಲಿ ಚಾಲೂ ಮಾಡಿದರೆ ವಾಸನೆಯಿಲ್ಲದ ಇಂಗಾಲದ ಮಾನಾಕ್ಸೈಡ್ ಅನಿಲವು ತುಂಬಿ ಪ್ರಾಣಾಪಾಯವಾಗುತ್ತದೆ. ವಿದ್ಯುತ್ ಪಂಪನ್ನು ಬಳಸುವುದಾದಲ್ಲಿ, ವಿದ್ಯುತ್ ಸೋರಿಕೆಯಾದ ಕೂಡಲೇ ಸಂಪರ್ಕ ಕಡಿಯುವ ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಸಾಧನವುಳ್ಳ, ಮೇಲಿನ ಅಂತಸ್ತಿನ ಒಣ ಸಂಪರ್ಕದಿಂದ ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್ ಅವರೇ ಜೋಡಿಸತಕ್ಕದ್ದು. ಪಂಪ್ ಚಾಲನೆಯಲ್ಲಿರುವಾಗ ನೀರಿನಲ್ಲಿ ಯಾರೂ ಇರಬಾರದು.

4. ಶುಚಿತ್ವ ಹಾಗೂ ಆರೋಗ್ಯ

ತೇವಗೊಂಡ ವಸ್ತುಗಳ ಮೇಲೆ 24ರಿಂದ 48 ಗಂಟೆಗಳೊಳಗೆ ಬೂಷ್ಟು ಬೆಳೆಯಲಾರಂಭಿಸುತ್ತದೆ. ಕೆಸರನ್ನು ತೆಗೆದು, ಹಾಸಿಗೆ, ರಟ್ಟು, ಪ್ಲೈವುಡ್ ಮುಂತಾದ ನೀರು ಹೀರಿದ ವಸ್ತುಗಳನ್ನು ಹೊರಹಾಕಿ ಗಾಳಿಯಾಡುವಂತೆ ಮಾಡತಕ್ಕದ್ದು. ಇಲಿಜ್ವರ ಹರಡುವ ಸಂಭವವಿರುವುದರಿಂದ ಕೆಲಸ ಮಾಡುವವರು ಗಂಬೂಟು ಹಾಗೂ ಕೈಗವಸು ಧರಿಸಬೇಕು. ನಂತರದ ದಿನಗಳಲ್ಲಿ ಜ್ವರ ಕಂಡುಬಂದಲ್ಲಿ ವೈದ್ಯರಿಗೆ ಈ ಸಂಗತಿಯನ್ನು ತಿಳಿಸಬೇಕು. ಬ್ಲೀಚಿಂಗ್ ಪುಡಿಯೊಂದಿಗೆ ಆ್ಯಸಿಡ್ ಬೆರೆಸಿದಲ್ಲಿ ವಿಷಾನಿಲ ಹೊರಬರುವುದರಿಂದ ಇವೆರಡನ್ನೂ ಒಟ್ಟಿಗೆ ಬಳಸಬಾರದು.

ಸಂಪಿಗೆ ಹೊರಗಿನ ನೀರು ಸೇರಿದ್ದಲ್ಲಿ ಸಂಪೂರ್ಣ ಖಾಲಿ ಮಾಡಿ, ತೊಳೆದು, ಹೊಸ ನೀರು ತುಂಬಿಸಬೇಕು. 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂನಂತೆ ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಮೇಲಿನ ತಿಳಿಯನ್ನು ಮಾತ್ರ ಸಂಪಿಗೆ ಸೇರಿಸಿ ಒಂದು ಗಂಟೆ ಬಿಡತಕ್ಕದ್ದು. ನೀರಿನ ಪರೀಕ್ಷೆಯಾಗುವವರೆಗೆ ಕುಡಿಯಲು ಕಾಯಿಸಿ ಆರಿಸಿದ ನೀರನ್ನೇ ಬಳಸಬೇಕು.

5. ವಾಹನಗಳು ಹಾಗೂ ವಿಮೆ

ಮುಳುಗಿದ್ದ ವಾಹನವನ್ನು ಚಾಲೂ ಮಾಡದೆ ಎಳೆದು ಸಾಗಿಸತಕ್ಕದ್ದು. ಎಂಜಿನ್ನಿನೊಳಗೆ ನೀರಿರುವಾಗ ಚಾಲೂ ಮಾಡಿದ್ದರಿಂದ ಆಗುವ ಹಾನಿಯು, ಹೆಚ್ಚುವರಿ ರಕ್ಷಣೆ ಪಡೆಯದಿದ್ದಲ್ಲಿ, ಸಾಮಾನ್ಯವಾಗಿ ವಿಮೆಯ ವ್ಯಾಪ್ತಿಗೆ ಒಳಪಡುವುದಿಲ್ಲ. ಮೂರನೇ ವ್ಯಕ್ತಿಯ ವಿಮೆ ಮಾತ್ರ ಹೊಂದಿದ್ದಲ್ಲಿ ಸ್ವಂತ ವಾಹನದ ಹಾನಿಗೆ ಪರಿಹಾರ ದೊರೆಯದು. ವಿದ್ಯುತ್ ಚಾಲಿತ ವಾಹನಗಳನ್ನು ಪರಿಶೀಲನೆಯಾಗುವವರೆಗೆ ಚಾರ್ಜ್ ಮಾಡಬಾರದು. ಶುಚಿಗೊಳಿಸುವ ಮುನ್ನವೇ ಹಾನಿಯ ಛಾಯಾಚಿತ್ರ ತೆಗೆದು, ವಿಮಾ ಕಂಪನಿಗೆ ವಿಳಂಬವಿಲ್ಲದೆ ತಿಳಿಸಬೇಕು.

6. ಮುಂಜಾಗ್ರತಾ ಕ್ರಮಗಳು

ಏಪ್ರಿಲ್-ಮೇ ತಿಂಗಳ ಗುಡುಗುಮಳೆಗೆ ಮುನ್ನ, ಮಾರ್ಚ್ ತಿಂಗಳಿನಲ್ಲಿಯೇ ಈ ಕೆಳಕಂಡ ಕಾಮಗಾರಿಗಳನ್ನು ಪೂರ್ಣಗೊಳಿಸುವುದು ಸೂಕ್ತ.

(ಅ) ಇಳಿಜಾರಿನ ಪ್ರವೇಶದಲ್ಲಿ ರಸ್ತೆಗಿಂತ ಎತ್ತರದ ಉಬ್ಬನ್ನು ನಿರ್ಮಿಸುವುದು. ಮೇಲೆ ಹಾಗೂ ಕೆಳಗೆ ಜಾಲರಿ ಮುಚ್ಚಿದ ಅಡ್ಡಚರಂಡಿ ಒದಗಿಸುವುದು. ರಸ್ತೆಗೆ ಪುನಃ ಡಾಂಬರು ಹಾಕಿದಾಗಲೆಲ್ಲ ಉಬ್ಬಿನ ಎತ್ತರವನ್ನು ಮರುಪರಿಶೀಲಿಸುವುದು.
(ಆ) ವಿದ್ಯುತ್ ಫಲಕ, ಮೀಟರ್ ಹಾಗೂ ಜನರೇಟರ್‌ಗಳನ್ನು ನೆಲಮಟ್ಟದಿಂದ ಮೇಲಕ್ಕೆ ಸ್ಥಳಾಂತರಿಸುವುದು. ಕಾಮಗಾರಿಗಳಲ್ಲಿ ಒಂದನ್ನು ಮಾತ್ರ ಕೈಗೊಳ್ಳಲು ಸಾಧ್ಯವಿದ್ದಲ್ಲಿ ಇದಕ್ಕೇ ಆದ್ಯತೆ ನೀಡತಕ್ಕದ್ದು.
(ಇ) ಒಳಚರಂಡಿ ಸಂಪರ್ಕಕ್ಕೆ ಹಿಮ್ಮುಖ ಹರಿವನ್ನು ತಡೆಯುವ ಕವಾಟ ಅಳವಡಿಸುವುದು.
(ಈ) ಬಸಿನೀರಿನ ಗುಂಡಿಗೆ ಎರಡು ಪಂಪುಗಳನ್ನು, ತಾನಾಗಿಯೇ ಚಾಲೂ ಆಗುವ ವ್ಯವಸ್ಥೆ ಹಾಗೂ ಪರ್ಯಾಯ ವಿದ್ಯುತ್ತಿನೊಂದಿಗೆ ಒದಗಿಸಿ, ತಿಂಗಳಿಗೊಮ್ಮೆ ಚಾಲನೆ ಮಾಡಿ ನೋಡುವುದು.
(ಉ) ತಾರಸಿಯ ನೀರನ್ನು ನೆಲಮಾಳಿಗೆಯಿಂದ ದೂರಕ್ಕೆ ಒಯ್ಯುವುದು. ಒಂದು ಚದರ ಮೀಟರ್ ಮೇಲೆ ಬಿದ್ದ ಒಂದು ಮಿ.ಮೀ. ಮಳೆಯು ಒಂದು ಲೀಟರಿಗೆ ಸಮ. ಈ ಲೆಕ್ಕದಂತೆ 200 ಚದರ ಮೀಟರ್ ತಾರಸಿಯಿಂದ 130 ಮಿ.ಮೀ. ಮಳೆಗೆ 26,000 ಲೀಟರ್ ನೀರು ಬರುತ್ತದೆ.
(ಊ) ಅಂತರ್ಜಲ ಜಿನುಗುವಲ್ಲಿ ಒಳಗಿನ ಲೇಪನವೊಂದೇ ಸಾಲದು. ಹೊರಗೋಡೆಯ ಜಲನಿರೋಧಕ ಪದರ ಹಾಗೂ ಬಸಿಗಾಲುವೆಯ ಅಗತ್ಯವನ್ನು ಇಂಜಿನಿಯರ್ ಅವರಿಂದ ಪರಿಶೀಲಿಸುವುದು.
(ಎ) ನೆಲಮಾಳಿಗೆಯನ್ನು ಮಲಗುವ ಕೋಣೆ, ಕಾವಲುಗಾರರ ವಸತಿ, ಗ್ರಂಥಾಲಯ ಅಥವಾ ತರಗತಿಯಾಗಿ ಬಳಸದಿರುವುದು.

7. ಹೊಣೆ ಹಾಗೂ ವೆಚ್ಚ

ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಅಧಿನಿಯಮ, 1972ಕ್ಕೆ ಒಳಪಟ್ಟ ಕಟ್ಟಡಗಳಲ್ಲಿ, ಘೋಷಣಾ ಪತ್ರದಲ್ಲಿ ಅನ್ಯಥಾ ನಮೂದಿಸದ ಹೊರತು ನೆಲಮಾಳಿಗೆಯು ಸಾಮಾನ್ಯ ಪ್ರದೇಶವಾಗಿರುತ್ತದೆ. ಆದುದರಿಂದ ಅದರ ನಿರ್ವಹಣೆಯು ಮೇಲಂತಸ್ತಿನವರೂ ಸೇರಿದಂತೆ ಎಲ್ಲ ಮಾಲೀಕರ ಹೊಣೆ. ಸಂಘಗಳು ವಾರ್ಷಿಕ ಆಯವ್ಯಯದಲ್ಲಿ ಇದಕ್ಕೆ ಮೊತ್ತ ಕಾಯ್ದಿರಿಸಿ, ಮಳೆಯ ವೇಳೆ ಸ್ವಿಚ್ ಆರಿಸುವ ಹಾಗೂ ನೆಲಮಾಳಿಗೆಯ ಪ್ರವೇಶವನ್ನು ತಡೆಯುವ ಹೊಣೆಯನ್ನು ನಿರ್ದಿಷ್ಟ ವ್ಯಕ್ತಿಗೆ ವಹಿಸತಕ್ಕದ್ದು. ಕಾವಲುಗಾರರು ಹಾಗೂ ಮನೆಗೆಲಸದವರಿಗೂ ಈ ಸೂಚನೆಗಳನ್ನು ತಿಳಿಯಪಡಿಸಬೇಕು.

8. ಸಂಪರ್ಕ ಸಂಖ್ಯೆಗಳು

ತುರ್ತು ಸೇವೆ: 112
ವಿದ್ಯುತ್ ಸರಬರಾಜು: 1912
ಬೆಂಗಳೂರು ಜಲಮಂಡಳಿ, ಕುಡಿಯುವ ನೀರು ಹಾಗೂ ಒಳಚರಂಡಿ: 1916

ಸಾರ್ವಜನಿಕರು ಮೇಲ್ಕಂಡ ಕ್ರಮಗಳನ್ನು ಅನುಸರಿಸಿ, ತಮ್ಮ ಹಾಗೂ ನೆರೆಹೊರೆಯವರ ಜೀವರಕ್ಷಣೆಗೆ ಸಹಕರಿಸಲು ಕೋರಲಾಗಿದೆ.